ಮೂರನೆಯ ಗ

ಮಾರ್ಚ್ ಮೂರನೆಯ ತಾರೀಖು, ಹೊತ್ತು ಮೂಡಿ ಎರಡನೆಯ ತಾಸು. ಲಂಡಿನಿಯಮ್ ಪಟ್ಟಣದ ಸೇತುವೆ ಠಾಣೆಗೆ ಸಿಂಪಿ ಮಾರುವ ವೆಲೊರಿಗಾ ಬಂದಳು. ಎಡಗೆನ್ನೆ ಊದಿತ್ತು. ಸೊಂಟದಲ್ಲಿ ಖಾಲಿ ಬುಟ್ಟಿ, ಮುಷ್ಟಿಯಲ್ಲಿ ಒಂದು ನಾಣ್ಯ. ಬಾರ್ಲಿ ರೊಟ್ಟಿ ಕಚ್ಚುತ್ತಿದ್ದ ದಫೇದಾರ ಉರಿಕಾಲಸ್ ರೊಟ್ಟಿಯನ್ನು ಕೆಳಗಿಡದೆಯೇ ವಿಚಾರಣೆ ಶುರು ಮಾಡಿದ.

"ಯಾರ್ ಹೊಡೆದ್ರು?"

"ಹಡಗಿನೋನು ಸ್ವಾಮಿ. ಬುಟ್ಟೀನೂ ಒದ್ದ. ಸಿಂಪಿ ಎಲ್ಲಾ ಚರಂಡಿ ಪಾಲು."

"ನೋಡಕ್ಕೆ ಹೆಂಗಿದ್ದ?"

"ಗಡ್ಡ ಇತ್ತು."

"ಹಡಗಿನೋರಿಗೆಲ್ಲ ಗಡ್ಡ ಇರತ್ತೆ ಕಣಮ್ಮ. ಯಾಕ್ ಹೊಡೆದ? ಚಿಲ್ಲರೆ ಕಮ್ಮಿ ಕೊಟ್ಯಾ?"

"ಸರಿಯಾಗೇ ಕೊಟ್ಟೆ. ಈ ನಾಣ್ಯ ತಿರುಗಿಸಿ ನೋಡ್ದ. 'ನಮ್ ದೊರೆ ಎಲ್ಲೇ, ಬಜಾರಿ?' ಅಂದ. ಮುಂದ್ಗಡೆ ಇದಾನಲ್ಲಪ್ಪಾ ದಪ್ಪ ಕತ್ತಿನೋನು, ಅಂದೆ. ಅದಕ್ಕೇ ಬಿತ್ತು."

ಉರಿಕಾಲಸ್ ರೊಟ್ಟಿ ಗಂಟಲಿಗೆ ಸಿಕ್ಕುವಷ್ಟು ನಕ್ಕ. ಒಳಗಿನ ಕೋಣೆಯಲ್ಲಿದ್ದ ತನಿಖಾಧಿಕಾರಿ ಡೊಕಿಲಿಸ್ ನಗಲಿಲ್ಲ. ಅವನು ರಾಜ್ಯಪಾಲರ ಕಚೇರಿಯಿಂದ ಈ ಠಾಣೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಮಾತು ಕಡಿಮೆ, ಬರವಣಿಗೆ ಅಚ್ಚುಕಟ್ಟು. ಹೊರಗೆ ಬಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಅಕ್ಷರಗಳನ್ನು ಬೆರಳಿನಿಂದ ಎಣಿಸಿದ. ಮೂರು 'ಗ' ಇರಬೇಕಾದ ಕಡೆ ಎರಡೇ ಇದ್ದವು.

ಅದೇನು ಮಹಾ ಎನ್ನುವವರು ಆ ಕಾಲದಲ್ಲಿ ನಮ್ಮ ದ್ವೀಪದಲ್ಲಿ ಬದುಕಿದವರಲ್ಲ. ನೌಕಾಪಡೆಯ ನಾಯಕ ಕರೌಸಿಯಸ್ ರೋಮಿನಿಂದ ಬೇರೆಯಾಗಿ, ತಾನೇ ಸಾಮ್ರಾಟ ಎಂದು ಸಾರಿಕೊಂಡು ಐದು ವರ್ಷ ಕಳೆದಿತ್ತು. ಕಡಲಾಚೆ ರೋಮಿನ ಇಬ್ಬರು ಸಾಮ್ರಾಟರು ಅವನನ್ನು ಕಡಲುಗಳ್ಳ ಎನ್ನುತ್ತಿದ್ದರು. ಇವನು ಅವರೊಡನೆ ಕತ್ತಿಯಲ್ಲಿ ಕಾದಿದ್ದಕ್ಕಿಂತ ನಾಣ್ಯದಲ್ಲಿ ಕಾದಿದ್ದೇ ಹೆಚ್ಚು. ಒಂದು ನಾಣ್ಯದಲ್ಲಿ ನಾಡೇ ಹೆಣ್ಣಾಗಿ ಬಂದು ಅವನ ಕೈ ಹಿಡಿಯುತ್ತಿದ್ದಳು. ಹೋದ ವರ್ಷದಿಂದ ಹೊಸ ವರಸೆ: ಕೊಂಬೆ ಹಿಡಿದ ಶಾಂತಿದೇವತೆ, ಸುತ್ತ 'ಪಾಕ್ಸ್ ಔಗಗಗ' ಎಂಬ ಬರಹ. ಪಾಕ್ಸ್ ಎಂದರೆ ಶಾಂತಿ. ಉಳಿದದ್ದು ಸಾಮ್ರಾಟ ಎಂಬ ಮಾತಿನ ಮೊಟಕು ರೂಪ. ಒಬ್ಬ ಸಾಮ್ರಾಟನಿಗೆ ಒಂದು ಗ. ಮೂರು ಗ ಎಂದರೆ ಆಚೆಯ ಇಬ್ಬರೂ ಈಚೆಯ ಇವನೂ ಅಣ್ಣತಮ್ಮಂದಿರು ಎಂದರ್ಥ. ಆಚೆಯವರು ಒಪ್ಪಿರಲಿಲ್ಲ, ಅದು ಬೇರೆ ಮಾತು. ಒಂದೇ ಗ ಇದ್ದ ಹಳೆಯ ನಾಣ್ಯಗಳೂ ಚಲಾವಣೆಯಲ್ಲಿದ್ದವು, ಅವನೊಬ್ಬನೇ ಎಂದಾಯಿತು. ಒಂದಾದರೂ ಸರಿ, ಮೂರಾದರೂ ಸರಿ, ಎರಡು ಮಾತ್ರ ಕೂಡದು. ಎರಡು ಎಂದರೆ ಆಚೆಯವರು ಮಾತ್ರ, ನಮ್ಮವನು ಲೆಕ್ಕಕ್ಕಿಲ್ಲ. ಮುಖ ಇವನದೇ, ಮಾತು ಶತ್ರುವಿನದು. ಊರಿನ ಮುಕ್ಕಾಲು ಪಾಲಿಗೆ ಓದು ಬಾರದು, ಆದರೆ ಗ ಎಣಿಸುವುದನ್ನು ಹಡಗಿನ ಪಡೆಗೆಲ್ಲ ಕಲಿಸಿಟ್ಟಿದ್ದರು.

ಉರಿಕಾಲಸ್ ಮೇಣದ ಹಲಗೆಯ ಮೇಲೆ ಪ್ರಥಮ ವರ್ತಮಾನ ವರದಿ ಬರೆಯುತ್ತಿದ್ದ. ಸಂಖ್ಯೆ ಒಂಬತ್ತು, ಅಪರಾಧ: ಹಲ್ಲೆ. ಡೊಕಿಲಿಸ್ ಬರೆಯುವ ಕಡ್ಡಿಯನ್ನು ಕಿತ್ತುಕೊಂಡು ಅದರ ಚಪ್ಪಟೆ ತುದಿಯಿಂದ ಆ ಪದವನ್ನು ಸವರಿ ಅಳಿಸಿ 'ರಾಜದ್ರೋಹ' ಎಂದು ಬರೆದ.

"ನನ್ ಕೆನ್ನೆ ಎಲ್ಲೋಯ್ತು ಅದ್ರಲ್ಲಿ?" ಎಂದಳು ವೆಲೊರಿಗಾ.

"ಮನೆಗೆ ಹೋಗು ತಾಯಿ," ಎಂದ ಡೊಕಿಲಿಸ್. "ಈ ನಾಣ್ಯದ ಸುದ್ದಿ ಯಾರಿಗೂ ಹೇಳ್ಬೇಡ."

ಸಿಂಪಿ ಮಾರುವವಳಿಗೆ ಹಾಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ.

ಅದೇ ದಿನ ಐದನೆಯ ತಾಸಿಗೆ ಡೊಕಿಲಿಸ್ ಟಂಕಸಾಲೆಗೆ ಹೋದ. ಪಂಚರಾಗಿ ಎದುರುಮನೆಯ ರೊಟ್ಟಿ ಸುಡುವವನನ್ನೂ ಪೀಪಾಯಿ ಮಾಡುವವನನ್ನೂ ಕರೆದುಕೊಂಡ. ಟಂಕಸಾಲೆಯ ಮೇಲ್ವಿಚಾರಕ ವೆರೆಕುಂಡಸ್ ನಾಣ್ಯ ನೋಡಿ ಬೆಂಚಿನ ಮೇಲೆ ಕುಸಿದ. ಹಣೆಯ ಬೆವರು ಒರೆಸಿಕೊಳ್ಳುತ್ತ, "ಯಾರ ಅಚ್ಚು ಅಂತ ಈಗ್ಲೇ ಹುಡುಕಿ. ಈಗ್ಲೇ. ಖಜಾನೆಯ ದೊಡ್ಡ ಸಾಹೇಬ್ರು ಇಪ್ಪತ್ತಕ್ಕೆ ಬರ್ತಿದಾರೆ," ಎಂದ.

ಅಲ್ಲಿ ಅಚ್ಚು ಕೆತ್ತುವವರು ಇಬ್ಬರೇ. ಒಬ್ಬ ಬೆಲಾಟರ್, ಇದೇ ಊರಿನವನು, ಐವತ್ತು ದಾಟಿದವನು. ಸೇತುವೆಯ ಕಂಬ ಹೂಳಿದ್ದು ತನ್ನ ಮುತ್ತಜ್ಜ ಎಂದು ಹೋಟೆಲಿನಲ್ಲಿ ಹೇಳಿಕೊಳ್ಳುವ, ಎಲ್ಲರಿಗೂ ಬೇಕಾದ ಬಾಯಿಬಡುಕ. ಇನ್ನೊಬ್ಬ ಮಾತುಗೆನಸ್, ಕಡಲಾಚೆಯ ಗಾಲ್ ದೇಶದವನು; ಅಲ್ಲಿನ ರೋಮನ್ ಟಂಕಸಾಲೆಯಲ್ಲಿ ಕೆತ್ತುತ್ತಿದ್ದವನನ್ನು ನಮ್ಮ ಪಡೆ ಹಡಗು ಹತ್ತಿಸಿ ತಂದಿತ್ತು. ಹೆಸರಿನಲ್ಲಿ ಮಾತಿತ್ತು, ಬಾಯಲ್ಲಿರಲಿಲ್ಲ. ಪ್ರತಿ ಅಚ್ಚಿನ ಹಿಡಿಯ ಮೇಲೂ ಕೆತ್ತಿದವನು ತನ್ನ ಗುರುತು ಹಾಕಬೇಕೆಂಬುದು ಅಲ್ಲಿನ ನಿಯಮ: ಬೆಲಾಟರನದು ಮೂರು ಚುಕ್ಕೆ, ಮಾತುಗೆನಸನದು ಅರ್ಧಚಂದ್ರ.

ಸವೆದ ಅಚ್ಚುಗಳ ಪೆಟ್ಟಿಗೆಯಲ್ಲಿ ಎರಡು ಗ ಇದ್ದ ಅಚ್ಚು ಸಿಕ್ಕಿತು. ಹಿಡಿಯ ಮೇಲೆ ಮೂರು ಚುಕ್ಕೆ. ಡೊಕಿಲಿಸ್ ಪಂಚನಾಮೆಯಲ್ಲಿ 'ಹಿಡಿಯ ಮೇಲೆ ಮೂರು ಚುಕ್ಕೆಯ ಗುರುತು ಕಂಡುಬಂದಿದೆ' ಎಂದು ಬರೆಸಿ ಪಂಚರ ಮುದ್ರೆ ಒತ್ತಿಸಿದ. ಹಿಡಿಯ ಇನ್ನೊಂದು ಬದಿಯನ್ನು ತಿರುಗಿಸಿ ನೋಡಲಿಲ್ಲ.

"ಚುಕ್ಕೆ ನಂದೇ ಇರ್ಬೋದು ಸ್ವಾಮಿ, ಕೆತ್ತನೆ ನಂದಲ್ಲ," ಎಂದ ಬೆಲಾಟರ್.

"ಮತ್ತೆ ಯಾರದ್ದು?"

"ಅದು ಹೆಂಗ್ ಹೇಳ್ಲಿ? ನಂದಲ್ಲ ಅಂತ ಮಾತ್ರ ಗೊತ್ತು. ತಾಯಿಗೆ ಮಗು ಗೊತ್ತಾಗಲ್ವಾ?"

"ಎರಡೇ ಗ ಯಾಕೆ?"

"ನಾನ್ ಕೆತ್ತಿದ್ರೆ ತಾನೇ ಹೇಳಕ್ಕೆ!"

ಪಕ್ಕದ ಬೆಂಚಿನಲ್ಲಿ ಮಾತುಗೆನಸ್ ತಲೆ ಎತ್ತದೆ ಉಳಿ ಮಸೆಯುತ್ತಿದ್ದ. ಅವನನ್ನು ಡೊಕಿಲಿಸ್ ಒಂದೇ ಒಂದು ಪ್ರಶ್ನೆ ಕೇಳಿದ. "ನೀನೇನಾದ್ರೂ ನೋಡಿದ್ಯಾ?" ಅವನು ಇಲ್ಲವೆಂದು ತಲೆಯಾಡಿಸಿದ.

ರಾಜದ್ರೋಹದ ಕೇಸಿನಲ್ಲಿ ಸ್ವತಂತ್ರ ಪ್ರಜೆಯನ್ನೂ ನೋಯಿಸಿ ವಿಚಾರಿಸಬಹುದೆಂದು ಕಾನೂನು ಇತ್ತು. ವೆರೆಕುಂಡಸ್ ದಿನಕ್ಕೆರಡು ಸಲ ಆಳು ಕಳಿಸಿ 'ಒಪ್ಪಿಕೊಂಡನೇ?' ಎಂದು ಕೇಳಿಸುತ್ತಿದ್ದ. ಮಾರ್ಚ್ ಐದರಂದು ಡೊಕಿಲಿಸ್ ವಿಚಾರಣೆಯ ಅಪ್ಪಣೆಗೆ ಮುದ್ರೆಯುಂಗುರ ಒತ್ತಿದ. ತಾನು ಒಳಗೆ ಹೋಗಲಿಲ್ಲ, ಅಂಗಳದಲ್ಲಿ ನಿಂತಿದ್ದ. ಬಲಗೈಯ ಮೂರು ಬೆರಳು ಮುರಿಯುವವರೆಗೂ ಬೆಲಾಟರ್ ನಾನಲ್ಲ ಎನ್ನುತ್ತಿದ್ದ. ನಾಲ್ಕನೆಯದೂ ಮುರಿದಾಗ 'ನಾನೇ' ಎಂದ. 'ಆರೋಪಿಯು ಸ್ವ-ಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾನೆ' ಎಂದು ಡೊಕಿಲಿಸ್ ತನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದ. ಬರೆದ ಮೇಲೆ ಆ ಸಾಲನ್ನು ಮತ್ತೆ ಓದಲು ಅವನಿಗೆ ಮನಸ್ಸಾಗಲಿಲ್ಲ. ಮಾರ್ಚ್ ಇಪ್ಪತ್ತಕ್ಕೆ, ಖಜಾನೆಯ ಸಾಹೇಬರ ಎದುರು ತಲೆದಂಡ ಎಂದು ನಿಗದಿಯಾಯಿತು.

ಮರುದಿನ, ಆರನೆಯ ತಾರೀಖು, ಡೊಕಿಲಿಸ್ ಕೋಟೆಗೆ ಹೋಗಿದ್ದಾಗ ಮಾತುಗೆನಸ್ ಠಾಣೆಗೆ ಬಂದಿದ್ದ. ಬಾಗಿಲಲ್ಲಿ ಬಹಳ ಹೊತ್ತು ನಿಂತ. ಏನು ಎಂದು ಉರಿಕಾಲಸ್ ಗದರಿದಾಗ ಉಳಿ ಕಳೆದುಹೋಗಿದೆ ಎಂದ.

"ಉಳಿಗೆಲ್ಲ ದೂರು ತಗೊಳ್ಳಕ್ಕೆ ನಮಗೇನ್ ಬೇರೆ ಕೆಲಸ ಇಲ್ವಾ?" ಎಂದಿದ್ದ ಉರಿಕಾಲಸ್. "ಇಲ್ಲೊಬ್ಬನ ತಲೆ ಹೋಗ್ತಿದೆ. ಹೋಗ್ ಹೋಗು, ನದಿದೇವ್ರಿಗೆ ಬರೆದ್ ಹಾಕು."

ನಮ್ಮಲ್ಲಿ ಅದು ಗಾದೆಯೂ ಹೌದು, ಪದ್ಧತಿಯೂ ಹೌದು. ಮೇಲಂಗಿ ಕದ್ದರೂ ಕೋಳಿ ಕದ್ದರೂ ಜನ ಠಾಣೆಗೆ ಬರುವ ಮೊದಲು ಸೀಸದ ತಗಡಿನ ಮೇಲೆ ದೂರು ಗೀಚಿ, ಮಡಿಸಿ, ಸೇತುವೆಯಿಂದ ಹೊಳೆಗೆ ಎಸೆಯುತ್ತಾರೆ. ದೇವರು ಲಂಚ ಕೇಳುವುದಿಲ್ಲವಲ್ಲ.

ಮುಂದಿನ ಒಂದು ವಾರ ಡೊಕಿಲಿಸನಿಗೆ ಠಾಣೆಯಲ್ಲಿ ಕೂರುವುದೇ ಕಷ್ಟವಾಯಿತು. ಬೆಲಾಟರನ ಹೆಂಡತಿ ಸುರಿಲ್ಲಾ ದಿನವೂ ನಾಲ್ಕನೆಯ ತಾಸಿಗೆ ಗಂಜಿ ತರುತ್ತಿದ್ದಳು. ಸರಳುಗಳ ನಡುವೆ ಕೈ ತೂರಿಸಿ ಗಂಡನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹೋಗುವಾಗ ಡೊಕಿಲಿಸನಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದಳು. ಆ ನಮಸ್ಕಾರಕ್ಕಿಂತ ಅವಳು ಒಂದು ಕಲ್ಲು ಎಸೆದಿದ್ದರೆ ಅವನಿಗೆ ಸುಖವಾಗುತ್ತಿತ್ತು. ಗಂಜಿಯ ಹೊತ್ತಿಗೆ ಅವನು ಗಸ್ತಿನ ನೆಪ ಹೇಳಿ ಎದ್ದುಹೋಗುವುದನ್ನು ಉರಿಕಾಲಸ್ ಗಮನಿಸಿದ್ದ.

"ಒಪ್ಕೊಂಡಿದಾನಲ್ಲ ಸ್ವಾಮಿ," ಎಂದ ಒಂದು ದಿನ.

"ನಿನ್ನ ಬೆರಳು ಕೊಡು," ಎಂದ ಡೊಕಿಲಿಸ್. "ಸಾಮ್ರಾಟನ ಕುದುರೆ ಕದ್ದಿದ್ದೂ ನಾನೇ ಅಂತ ಒಪ್ಕೋತೀಯ."

ಮಾರ್ಚ್ ಹದಿಮೂರು, ಮೂರನೆಯ ತಾಸು. ವೆಲೊರಿಗಾ ಮತ್ತೆ ಬಂದಳು. ಮೊಣಕಾಲುದ್ದ ಕೆಸರು.

"ಇಳಿತದಲ್ಲಿ ಸಿಂಪಿ ಆರಿಸ್ತಿದ್ದೆ. ಸೇತುವೆ ಮೂರ್ನೇ ಕಂಬದ್ ಬುಡದಲ್ಲಿ ಇದು ಸಿಕ್ತು." ಒದ್ದೆ ಸೀಸದ ತಗಡೊಂದನ್ನು ಮೇಜಿನ ಮೇಲಿಟ್ಟಳು. ಅದರ ಮಡಿಕೆ ಬಿಚ್ಚಿಕೊಂಡಿತ್ತು.

ಉರಿಕಾಲಸ್ ಹಿಂದಕ್ಕೆ ಸರಿದ. "ದೇವ್ರಿಗೆ ಹಾಕಿದ್ದನ್ನ ಎತ್ಕೊಂಡ್ ಬಂದ್ಯಾ? ಹಾಳಾಗ್ ಹೋಗ್ತೀಯ!"

"ನಾ ಬಿಚ್ಚಿಲ್ಲಪ್ಪ, ಅದೇ ಬಿಚ್ಕೊಂಡಿತ್ತು. ಓದೂ ಬರಲ್ಲ ನಂಗೆ. ಆದ್ರೆ ಗ ಗೊತ್ತಲ್ಲ, ಏಟು ತಿಂದು ಕಲ್ತಿದೀನಿ. ಇದ್ರಲ್ಲಿ ಗ ಎಲ್ಲಾ ಆ ಕಡೆ ತಿರ್ಗಿದೆ ನೋಡಿ."

ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕಿದ್ದವು. ಡೊಕಿಲಿಸ್ ಮೇಣದ ಹಲಗೆಯನ್ನು ಒಲೆಯ ಹತ್ತಿರ ಹಿಡಿದು ಮೆತ್ತಗಾಗಿಸಿ, ತಗಡನ್ನು ಅದರ ಮೇಲೆ ಕವುಚಿ ಒತ್ತಿದ. ಎತ್ತಿದಾಗ ಮೇಣದಲ್ಲಿ ಬರಹ ಸರಿಯಾಗಿ ಮೂಡಿತ್ತು. ಗಟ್ಟಿಯಾಗಿ ಓದಿದ.

"ಸೇತುವೆಯ ಕೆಳಗಿನ ದೇವರಿಗೆ ದೂರು. ಬೆಲಾಟರನ ಬಲಗೈಯನ್ನು ಕದ್ದವನು, ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಒಡೆಯನಾಗಲಿ, ಅವನಿಗೆ ನಿದ್ದೆ ಕೊಡಬೇಡ. ತುತ್ತು ಇಳಿಸಬೇಡ. ಹೆಸರು ಬರೆಯಲಾರೆ. ನಿನಗೆ ಗೊತ್ತು. ಆ ಕೈ ವಾಪಸು ಬರುವವರೆಗೆ ಅವನನ್ನು ಬಿಡಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇದು ತನಗೇ ಹಾಕಿದ ಶಾಪ ಎಂದುಕೊಂಡ ಡೊಕಿಲಿಸ್. ನಿದ್ದೆಯೂ ಬಂದಿರಲಿಲ್ಲ, ತುತ್ತೂ ಇಳಿದಿರಲಿಲ್ಲ. ಉರಿಕಾಲಸನಂತೂ "ನಾವ್ ಹೇಳಿದ್ ಹಂಗ್ ಮಾಡಿದ್ವಿ ಅಷ್ಟೇ, ನಾವ್ ಹೇಳಿದ್ ಹಂಗ್ ಮಾಡಿದ್ವಿ," ಎಂದು ದೇವರಿಗೆ ಕೇಳುವ ಹಾಗೆ ಎರಡು ಸಲ ಹೇಳಿದ.

"ಸುರಿಲ್ಲಾನೇ ಹಾಕಿರ್ಬೇಕು," ಎಂದೂ ಸೇರಿಸಿದ.

ಡೊಕಿಲಿಸ್ ಮೇಣವನ್ನೇ ನೋಡುತ್ತಿದ್ದ. "ಅಲ್ಲ. ಅವಳಾಗಿದ್ರೆ ನನ್ನ ಹೆಸರು ಬರೀತಿದ್ಲು. ಅಪ್ಪಣೆ ಕೊಟ್ಟಿದ್ದು ಯಾರು ಅಂತ ಊರಿಗೇ ಗೊತ್ತು. ಕಳ್ಳನ ಹೆಸರು ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತ ಬರೀತಾರೆ. ಇವನು ಬರೆಯಲಾರೆ ಅಂತಾನೆ. ಗೊತ್ತಿರೋ ಹೆಸರನ್ನ ಯಾರು ಬರೆಯಲಾರ?"

ಉರಿಕಾಲಸ್ ಹತ್ತಿರ ಬಂದು ಮೇಣದ ಮೇಲೆ ಬಗ್ಗಿದ. "ಅದು ತನ್ನದೇ ಹೆಸರಾಗಿದ್ರೆ."

"ಹೂಂ."

"ಆದ್ರೆ ತಿರುಗುಮುರುಗಾಗಿ ಬರೆಯೋರು ಬೇಕಾದಷ್ಟು ಜನ ಇದಾರೆ ಸ್ವಾಮಿ. ಕಳ್ಳನ ಬಾಳು ಉಲ್ಟಾ ಆಗ್ಲಿ ಅಂತ ನಮ್ಮತ್ತೆನೂ ಹಂಗೇ ಬರೀತಾಳೆ."

"ನಿಮ್ಮತ್ತೆ ಬರೆದಿದ್ರಲ್ಲಿ ಹಾವಿನಂಥ ಸ ಯಾವ ಕಡೆ ತಿರುಗಿರತ್ತೆ?"

ಠಾಣೆಯ ಕಪಾಟಿನಲ್ಲಿ ಹಳೆಯ ಕೇಸುಗಳ ಜೊತೆ ಸಿಕ್ಕ ಇಂಥ ಏಳು ತಗಡುಗಳಿದ್ದವು. ಎಲ್ಲವನ್ನೂ ಮೇಣಕ್ಕೆ ಒತ್ತಿ ನೋಡಿದರು. ಉಲ್ಟಾ ಬರೆಯಲು ಹೊರಟ ಸಾಮಾನ್ಯರೆಲ್ಲ ಸ ಅಕ್ಷರದಲ್ಲಿ ಎಡವಿದ್ದರು. ಒಂದು ಸಾಲಿನಲ್ಲಿ ತಿರುಗಿಸಿದ್ದನ್ನು ಮುಂದಿನ ಸಾಲಿನಲ್ಲಿ ಮರೆತಿದ್ದರು. ಈ ತಗಡಿನಲ್ಲಿ ಹನ್ನೆರಡು ಸ ಇದ್ದವು, ಹನ್ನೆರಡೂ ಸರಿ. ಉಲ್ಟಾ ಬರವಣಿಗೆಯೇ ಅವನ ಮಾಮೂಲಿ ಬರವಣಿಗೆ. ಅಚ್ಚು ಕೆತ್ತುವವನು ಹೊಟ್ಟೆಪಾಡಿಗೆ ಬರೆಯುವುದೇ ಹಾಗೆ. ಊರಿನಲ್ಲಿ ಅಂಥವರು ಇಬ್ಬರು. ಒಬ್ಬನ ಬೆರಳುಗಳು ಮುರಿದಿದ್ದವು.

ಡೊಕಿಲಿಸ್ ಸಾಕ್ಷ್ಯದ ಚೀಲದ ಮುದ್ರೆ ಒಡೆದು ಅಚ್ಚನ್ನು ಹೊರತೆಗೆದ. ಬಾಗಿಲ ಬಳಿ ಓರೆ ಬಿಸಿಲಿಗೆ ಹಿಡಿದು, ಈ ಸಲ ಹಿಡಿಯನ್ನು ಪೂರ್ತಿ ತಿರುಗಿಸಿದ. ಮೂರು ಚುಕ್ಕೆಯ ಹಿಂಬದಿಯಲ್ಲಿ ಅರ ಹಾಕಿ ಉಜ್ಜಿದ ಜಾಗ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಅರ್ಧಚಂದ್ರದ ಒಂದು ಕೊಂಬು ಉಗುರಿನಷ್ಟು ಉಳಿದಿತ್ತು. ಹತ್ತು ದಿನದ ಹಿಂದೆ ಇಷ್ಟೇ ತಿರುಗಿಸಿದ್ದರೆ ಸಾಕಿತ್ತು. ಅಚ್ಚು ಅಂಗೈಯಲ್ಲಿ ಕಾಯುವಷ್ಟು ಹೊತ್ತು ಅವನು ಅಲ್ಲೇ ನಿಂತಿದ್ದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ವಿ ಕಣೋ ಉರಿಕಾಲಸ್," ಎಂದ.

ಉರಿಕಾಲಸ್ ಆಗ ನೆನಪಿಸಿಕೊಂಡು ಆರನೆಯ ತಾರೀಖಿನ ಉಳಿಯ ಸಂಗತಿ ಹೇಳಿದ. ಹೇಳುವಾಗ ಅವನ ಮುಖ ಬಾಡಿತ್ತು. "ನದಿದೇವ್ರಿಗೆ ಹಾಕು ಅಂದ್ನಲ್ಲ ಸ್ವಾಮಿ. ಹಾಕೇಬಿಟ್ಟಿದಾನೆ."

ವೆರೆಕುಂಡಸ್ ಸುಲಭಕ್ಕೆ ಒಪ್ಪಲಿಲ್ಲ. ಟಂಕಸಾಲೆಯ ಬಾಗಿಲಲ್ಲೇ ಅಡ್ಡ ನಿಂತು, "ಮುಗಿದ ಕೇಸನ್ನ ಯಾಕ್ರೀ ಕೆದಕ್ತೀರಿ? ಇಬ್ರನ್ನೂ ಎಳ್ಕೊಂಡ್ ಹೋದ್ರೆ ದೊರೆ ಮುಖ ಯಾರ್ ಕೆತ್ತೋದು, ನಾನಾ ನೀವಾ?" ಎಂದ.

"ಒಬ್ಬನನ್ನ ವಾಪಸು ತರ್ತೀನಿ."

"ಮುರಿದ ಕೈಯೋನನ್ನ."

ಡೊಕಿಲಿಸ್ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದ.

ಮಾತುಗೆನಸ್ ಬೆಂಚಿನಲ್ಲಿ ಕೂತು ಕೆತ್ತುತ್ತಿದ್ದ. ಎರಡನೆಯ ಗ ಮುಗಿದು ಮೂರನೆಯದಕ್ಕೆ ಗೆರೆ ಎಳೆದಿದ್ದ. ಮೇಣದ ಹಲಗೆಯನ್ನು ಮುಂದಿಟ್ಟಾಗ ಅದನ್ನು ಓದಲೂ ಇಲ್ಲ, ಉಳಿ ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದ. ದಸ್ತಗಿರಿಯ ಸಮಯ: ಮಾರ್ಚ್ ಹದಿಮೂರು, ಎಂಟನೆಯ ತಾಸು. ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ಯಾರೂ ಅವನನ್ನು ಮುಟ್ಟಕೂಡದೆಂದು ಡೊಕಿಲಿಸ್ ಮೊದಲೇ ಹೇಳಿದ್ದ.

"ಅಚ್ಚು ನಿಂದಾ?"

"ನಂದು."

"ಎರಡು ಗ ಬೇಕಂತ ಕೆತ್ತಿದ್ಯಾ?"

"ಇಲ್ಲ."

"ಮತ್ತೆ?"

"ಕೈ ಕೆತ್ತಿಬಿಡ್ತು." ಅವನು ತನ್ನ ಅಂಗೈಯನ್ನೇ ನೋಡಿಕೊಂಡ. "ಅಲ್ಲಿ ವರ್ಷಗಟ್ಟಲೆ ಎರಡೇ ಕೆತ್ತಿದೀನಿ ಸ್ವಾಮಿ. ಅಲ್ಲಿರೋರು ಇಬ್ರೇ ಅಲ್ವಾ. ಇಲ್ಲಿ ಬಂದ್ಮೇಲೆ ಮೂರು ಅಂತ ಮನಸ್ಸಿಗೆ ಹೇಳ್ಕೊಂಡೇ ಕೆತ್ತೋದು. ಅವತ್ತು ಹೇಳ್ಕೊಳ್ಳಕ್ಕೆ ಮರ್ತೆ."

"ಯಾವಾಗ ಗೊತ್ತಾಯ್ತು?"

"ಅವತ್ತೇ ಮಧ್ಯಾಹ್ನ. ಬುಟ್ಟಿ ತುಂಬ ನಾಣ್ಯ ಹೊಡೆದಾಗಿತ್ತು. ಇನ್ನೂ ಆಚೆ ಹೋಗಿರ್ಲಿಲ್ಲ."

"ಕುಲುಮೆಗೆ ಸುರೀಬೋದಿತ್ತಲ್ಲ?"

"ಒಬ್ಬನೇ ಹೇಳಿದ್ರೆ ಸುರಿಯಲ್ಲ. ಕೆತ್ತೋರು ಇಬ್ರೂ ಕೆಟ್ಟಿದೆ ಅನ್ಬೇಕು. ಬೆಲಾಟರನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಕೇಳೋ ಬದ್ಲು ಅವನ ಚುಕ್ಕೆ ಹಾಕ್ದೆ."

"ಹೂಂ."

"ಅವನ ಮೇಲೆ ಹಗೆ ಇತ್ತಾ?"

"ಅಯ್ಯೋ ಇಲ್ಲ. ಈ ಊರಲ್ಲಿ ನನ್ನ ಹತ್ರ ಮಾತಾಡೋನು ಅವನೊಬ್ನೇ." ಮಾತುಗೆನಸ್ ಮೊದಲ ಸಲ ತಲೆ ಎತ್ತಿದ. "ಅವನು ಇಲ್ಲಿಯೋನು ಸ್ವಾಮಿ. ಅವನ ಅಚ್ಚಲ್ಲಿ ಎರಡಿದ್ರೆ ಮುದುಕನಿಗೆ ಕಣ್ಣು ಮಂಜಾಗಿದೆ ಅಂತ ಬೈದು ಬಿಡ್ತಾರೆ ಅಂದ್ಕೊಂಡೆ. ನಾನು ಆಚೆಯೋನು. ನಂದ್ರಲ್ಲಿದ್ರೆ ಅದು ತಪ್ಪು ಅಂತಾರಾ? ನೀವೇ ಹೇಳಿ. ಅರ್ಧಚಂದ್ರ ಇದ್ದಿದ್ರೆ ನನ್ನ ಮಾತು ಕೇಳ್ತಿದ್ರಾ?"

ಅರ್ಧಚಂದ್ರ ಸಿಕ್ಕಿದ್ದರೆ ಮೂರನೆಯ ತಾರೀಖು ಸಂಜೆಯೊಳಗೆ ಇವನ ಕತೆ ಮುಗಿದಿರುತ್ತಿತ್ತು. ಬೆರಳು ಮುರಿಸುವ ಅಗತ್ಯವೂ ಯಾರಿಗೂ ಕಾಣುತ್ತಿರಲಿಲ್ಲ. ಅದು ಡೊಕಿಲಿಸನಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಗೊತ್ತಿರುವುದಕ್ಕೆ ನಾಚಿಕೆಯಾಯಿತು.

"ಬೆರಳು ಮುರಿದ್ರು ಅಂತ ಗೊತ್ತಾದ್ಮೇಲೆ ಇಲ್ಲಿಗ್ ಬಂದಿದ್ದೆ, ಅಲ್ವಾ?"

"ಬಂದಿದ್ದೆ. ಹೇಳೋಕೇ ಬಂದಿದ್ದೆ. ಬಾಯಿಗೆ ಉಳಿ ಅಂತ ಬಂತು."

ಬಾಗಿಲಲ್ಲಿ ನಿಂತಿದ್ದ ಉರಿಕಾಲಸ್ ಹೊರಗೆ ಹೋಗಿಬಿಟ್ಟ.

ಮಾರ್ಚ್ ಹದಿನಾಲ್ಕು, ಐದನೆಯ ತಾಸಿಗೆ ಬೆಲಾಟರನ ಬಿಡುಗಡೆಯ ಪತ್ರಕ್ಕೆ ಮುದ್ರೆ ಬಿತ್ತು. ಸುರಿಲ್ಲಾ ಗಂಡನ ಹೆಗಲಿಗೆ ಮೇಲಂಗಿ ಹೊದಿಸಿ ಕರೆತಂದಳು. ಬಟ್ಟೆ ಸುತ್ತಿದ ಬಲಗೈಯನ್ನು ಅವನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಡೊಕಿಲಿಸ್ ಎದ್ದು ನಿಂತ.

"ತಪ್ಪಾಯ್ತು," ಎಂದ.

"ಆಯ್ತು," ಎಂದಳು ಸುರಿಲ್ಲಾ. ಅಂದು ಅವಳು ನಮಸ್ಕಾರ ಮಾಡಲಿಲ್ಲ.

ಅದೇ ಹೊತ್ತಿಗೆ ಕೋಟೆಯ ಸೆರೆಮನೆಗೆ ಸಾಗಿಸಲು ಮಾತುಗೆನಸನನ್ನು ಹೊರಗೆ ತಂದರು. ಹಜಾರದಲ್ಲಿ ಇಬ್ಬರೂ ಎದುರುಬದುರಾದರು. ಹಳೆಯ ಬಾಯಿಬಡುಕ ಬೈಯುತ್ತಾನೆ, ಇಲ್ಲವೆ ಉಗಿಯುತ್ತಾನೆ ಎಂದುಕೊಂಡು ಉರಿಕಾಲಸ್ ನಡುವೆ ಬರಲು ಹೋದ. ಬೆಲಾಟರ್ ಅವನನ್ನು ಮೊಣಕೈಯಿಂದ ತಳ್ಳಿದ.

"ಬುಟ್ಟಿ ಆಚೆ ಹೋಗೋ ಮುಂಚೇನೇ ಗೊತ್ತಾಗಿತ್ತಂತೆ?"

ಮಾತುಗೆನಸ್ ತಲೆಯಾಡಿಸಿದ.

"ನಾನು ಪಕ್ಕದ ಬೆಂಚಲ್ಲೇ ಇದ್ನಲ್ಲೋ."

"ಇದ್ದೆ."

"ಕೆಟ್ಟಿದೆ ಅಂತ ನಾನೂ ಒಂದ್ ಮಾತು ಹೇಳ್ತಿದ್ದೆ. ಬುಟ್ಟಿ ಕುಲುಮೆಗೆ ಹೋಗ್ತಿತ್ತು. ಅಚ್ಚಲ್ಲಿ ಕೊಂಬೆಗೂ ಅಂಚಿಗೂ ಮಧ್ಯ ಜಾಗ ಇತ್ತು, ನಾನ್ ನೋಡಿದೀನಿ. ಇನ್ನೊಂದ್ ಗ ಹಾಕ್ಕೊಡ್ತಿದ್ದೆ. ಬಿಯರ್ ಕುಡಿಯಕ್ ಹೋಗೋಷ್ಟ್ರಲ್ಲಿ ಮುಗೀತಿತ್ತು ಕಣೋ. ಇಬ್ರೂ ಸೇರಿ ನಗ್ತಿದ್ವಿ." ಅವನ ದನಿ ಒಡೆಯಿತು. "ಒಂದ್ ಮಾತು ಕೇಳಕ್ಕಾಗ್ಲಿಲ್ವಾ ನಿಂಗೆ?"

ಮಾತುಗೆನಸ್ ನಿಂತಲ್ಲೇ ಕುಸಿದು ಅತ್ತ. ಅಷ್ಟು ದಿನ ಸದ್ದೇ ಇಲ್ಲದಿದ್ದ ಮನುಷ್ಯ ಬೀದಿಯವರಿಗೆ ಕೇಳುವ ಹಾಗೆ ಅತ್ತ. ಬೆಲಾಟರ್ ಅವನನ್ನು ಎತ್ತಲು ಬಾಗಿ, ಕೈ ನೆನಪಾಗಿ, ಹಿಂದೆ ಸರಿದ. ಉರಿಕಾಲಸ್ ಎತ್ತಿದ.

ಒಂಬತ್ತನೆಯ ತಾಸಿಗೆ ಡೊಕಿಲಿಸ್ ಅಂತಿಮ ವರದಿಗೆ ಕೂತ. ದಸ್ತಗಿರಿ, ವಶಪಡಿಸಿಕೊಂಡ ವಸ್ತುಗಳು, ಪಂಚರ ಹೆಸರು, ಎಲ್ಲ ಬರೆದಾಯಿತು. ಬೆಲಾಟರನ ತಪ್ಪೊಪ್ಪಿಗೆಯ ಎದುರಿಗಿದ್ದ 'ಸ್ವ-ಇಚ್ಛೆಯಿಂದ' ಎಂಬುದನ್ನು ಹೊಡೆದುಹಾಕಿ, 'ನನ್ನ ಅಪ್ಪಣೆಯ ಮೇರೆಗೆ ನಾಲ್ಕು ಬೆರಳು ಮುರಿದ ಮೇಲೆ' ಎಂದು ತಿದ್ದಿದ. ಅಪರಾಧದ ಅಂಕಣದಲ್ಲಿ ರಾಜದ್ರೋಹ ಎಂದು ಬರೆದರೆ ಮಾತುಗೆನಸನ ತಲೆ ಹೋಗುತ್ತಿತ್ತು. ಸುಳ್ಳು ಗುರುತು ಎಂದು ಬರೆದರೆ ಸೀಸದ ಗಣಿ. ಅವನು ಎರಡನೆಯದನ್ನು ಬರೆದ. ಗಣಿಗೆ ಹೋದವರು ಮರಳಿ ಬಂದದ್ದು ಕಡಿಮೆ, ಆದರೂ ಅದೊಂದೇ ಅವನ ಕೈಯಲ್ಲಿದ್ದದ್ದು.

ಕೊನೆಯ ಅಂಕಣ, ಅಪರಾಧಕ್ಕೆ ಪ್ರೇರಣೆ. ಮೊದಲು 'ಹೆದರಿಕೆ' ಎಂದಷ್ಟೇ ಬರೆದ. ಖಜಾನೆಯ ಸಾಹೇಬರಿಗೆ ಅಷ್ಟು ಸಾಕಿತ್ತು. ಡೊಕಿಲಿಸನಿಗೆ ಸಾಕಾಗಲಿಲ್ಲ. ಕೆಳಗೆ ಇನ್ನೆರಡು ಸಾಲು ಸೇರಿಸಿ ತನ್ನ ಹೆಸರಿನ ಮುದ್ರೆ ಒತ್ತಿದ: 'ಆರೋಪಿಯು ಸಾಮ್ರಾಟರಿಗೆ ಹೆದರಿದವನಲ್ಲ, ಜೊತೆಗಾರನಿಗೂ ಅಲ್ಲ. ಈ ಠಾಣೆಗೆ ಹೆದರಿದ್ದ, ಮತ್ತು ಅವನು ಹೆದರಿದ್ದು ಸರಿಯಾಗಿತ್ತು.'